ಓದದ್ದು ಒಂದು

ಬೆಳಿಗ್ಗೆ ಐದೂವರೆ. ಮಲ್ಪೆ ದಕ್ಕೆಯ ಹಿಂದೆ
ಐಸ್ ಪ್ಲಾಂಟಿನ ಶಟರು ಅರ್ಧ ಎತ್ತಿ
ಬಗ್ಗಿ ಒಳಗೆ ಬರುತ್ತೇನೆ.
ಅಮೋನಿಯಾದ ಘಾಟು ಮೂಗಿಗೆ ಬಡಿಯುವ ಮೊದಲೇ
ಬೆರಳು ಆ ಕಿತ್ತಳೆ ಗುರುತನ್ನು ಒತ್ತಿರುತ್ತದೆ.
ಓದದ್ದು: ಮೂವತ್ತೆಂಟು.

ಕೂಪನ್ ಹರಿಯುತ್ತಾ ಮೆಂಡನ್ ಕೇಳಿದ್ದ,
'ಎಂಥ ಮಾರಾಯ್ತಿ ಅದು, ಬೆಳಿಗ್ಗೆ ಬೆಳಿಗ್ಗೆ?'
ಆರೆಸ್ಸೆಸ್ ಅಂದೆ.
'ಅದಕ್ಕೆ ನೀನು ಯಾವಾಗ ಸೇರಿದ್ದು?'
ಅದಲ್ಲ, ಇದು ಬೇರೆ, ಅಂತ
ಹೇಳಿ ಮುಗಿಸುವಷ್ಟರಲ್ಲಿ
ಎರಡು ಟನ್ ಐಸ್ ಜಾರಿ ಹೋಗಿತ್ತು.

ದೊಡ್ಡಪ್ಪನ ಕಂತುಬಲೆಯ ಹಾಗೆ, ಅಂದೆ ಕೊನೆಗೆ.
ಸಂಜೆ ಬಿಟ್ಟು ಬರುವುದು, ಬೆಳಿಗ್ಗೆ ಎತ್ತುವುದು.
ಕಣ್ಣು ಎಷ್ಟಗಲ ಅಂತ ನೇಯುವಾಗಲೇ ತೀರ್ಮಾನ,
ಬಂಗುಡೆಯ ಕಣ್ಣಿಗೆ ಬಂಗುಡೆ, ಅಂಜಲಿನ ಕಣ್ಣಿಗೆ ಅಂಜಲು.
ಉಳಿದದ್ದು ನುಸುಳಿ ಹೋಗಲಿ, ಅದರ ಪಾಡಿಗೆ ಅದು.
ನೀವೆಲ್ಲ ಬೆರಳಲ್ಲಿ ಉಜ್ಜುತ್ತೀರಲ್ಲ ದಿನವಿಡೀ,
ಅದು ಟ್ರಾಲ್. ತಳ ಕೆರೆದು
ಕೆಸರು, ಮರಿ, ಹರಿದ ಚಪ್ಪಲಿ,
ಯಾರದೋ ಮದುವೆ, ಯಾರದೋ ಜಗಳ
ಎಲ್ಲ ಒಟ್ಟಿಗೆ ಡೆಕ್ಕಿಗೆ ಸುರಿಯುತ್ತದೆ.
ಆರಿಸುವಷ್ಟರಲ್ಲಿ ಕೈ ನಾರುತ್ತದೆ.

ಮೆಂಡನ್ ತಲೆಯಾಡಿಸಿದ. ಅವನಿಗೆ ಬಲೆ ಗೊತ್ತು.

ಇಲ್ಲಿ ನನಗೇನು ಹಿಡಿಸೀತೆಂದು
ಯಾರೂ ಊಹಿಸುವುದಿಲ್ಲ. ಬಂದದ್ದು ಬಂದ ಕ್ರಮದಲ್ಲಿ ಕೂತಿರುತ್ತದೆ,
ರೇಶನ್ ಅಂಗಡಿಯೆದುರು ಚೀಲ ಸಾಲಿಟ್ಟ ಹಾಗೆ.
ಅಲೆಯ ಎತ್ತರ ಹೇಳುವ ಹೈದರಾಬಾದಿನ ಕಚೇರಿ,
ಡೀಸೆಲ್ ದರ,
ಹಗ್ಗದ ಗಂಟುಗಳ ಬಗ್ಗೆ ಮಾತ್ರ ಬರೆಯುವ ನಾರ್ವೆಯ ಹೆಂಗಸು,
ಅವಳ ಭಾಷೆ ನನಗೆ ಬಾರದು, ಗಂಟು ಬರುತ್ತದೆ.
ಮತ್ತೆ ಲಿಗೋರಿ ಮಾಸ್ತರು.

ಕಲ್ಯಾಣಪುರದ ಲಿಗೋರಿ ಮಾಸ್ತರು
ದಿನಾ ಸಂಜೆ ಕೋಡಿಬೆಂಗ್ರೆಯ ಅಳಿವೆತನಕ ನಡೆದು
ದಡಕ್ಕೆ ಬಿದ್ದದ್ದನ್ನು ಬರೆಯುತ್ತಿದ್ದರು, ನಾಲ್ಕೇ ಸಾಲು.
'ಇಂದು: ಸತ್ತ ಕಡಲಾಮೆ, ಎಡ ಮುಂಗಾಲು ಇಲ್ಲ.
ಬಲ್ಬು ಒಂದು. ಒಡೆಯದೆ ಬಂದದ್ದು ಹೇಗೆ?
ಮರುವಾಯಿ ಚಿಪ್ಪು ಕಡಿಮೆ.
ಗಾಳಿ ತೆಂಕಣ.'
ಫೋಟೋ ಇಲ್ಲ, ಲೈಕ್ ಒತ್ತುವ ಜಾಗವಿಲ್ಲ.
ನಾನು ಅವರ ಮುಖ ಕಂಡವಳಲ್ಲ.

ಮೂರು ವರ್ಷದ ಹಿಂದೆ, ಒಂದು ಆಟಿಯಲ್ಲಿ, ನಿಂತಿತು.
ಕಾರಣ ಬರಲಿಲ್ಲ, ವಿದಾಯ ಬರಲಿಲ್ಲ.
ಪಟ್ಟಿಯಲ್ಲಿ ಹೆಸರು ಮಾತ್ರ ತೆಳ್ಳಗೆ, ಬೂದಿಬಣ್ಣ,
ಪಕ್ಕದಲ್ಲಿ ಅಂಕಿಯಿಲ್ಲ.
ತೆಗೆಯಲು ಒಂದು ಒತ್ತು ಸಾಕು.
ಒತ್ತಲಿಲ್ಲ. ಬಲೆಯ ಒಂದು ಕಣ್ಣು ಕಡಿದರೆ
ಪಕ್ಕದ ನಾಲ್ಕೂ ಸಡಿಲ.

ಮೊನ್ನೆ ಮಂಗಳವಾರ ಅದೇ ಹೆಸರು, ದಪ್ಪ ಅಕ್ಷರ.
ಪಕ್ಕದಲ್ಲಿ ಒಂದು.
ಕೈ ಒರೆಸಿಕೊಂಡೆ ವೇಲಿಗೆ.
ಈ ಚಳಿ ಐಸಿನದ್ದಲ್ಲ ಅಂತ ಗೊತ್ತಾಗುವಷ್ಟು ಹೊತ್ತು ನಿಂತು
ಆಮೇಲೆ ಒತ್ತಿದೆ.

'ರಮ್ಮಿ ಆಡಿ, ಹತ್ತು ಸಾವಿರ ಬೋನಸ್ ಗೆಲ್ಲಿ.'

ವಿಳಾಸದ ಬಾಡಿಗೆ ಕಟ್ಟುವವರಿಲ್ಲದಿದ್ದರೆ
ಬೇರೆ ಯಾರೋ ಕೊಂಡುಕೊಳ್ಳುತ್ತಾರಂತೆ.
ಮೆಂಡನ್ನನ ಮಗ ಹೇಳಿದ, ಹಾಗೆಲ್ಲ ಆಗುತ್ತದೆ ಅಕ್ಕ.
ಖಾಲಿ ಶಂಖದೊಳಗೆ ಏಡಿ ಹೊಕ್ಕು ನಡೆದಾಡುವ ಹಾಗೆ.
ಮಾಸ್ತರು ಆಗಿದ್ದರೆ ಅದನ್ನೂ ಬರೆಯುತ್ತಿದ್ದರು.

ಆವತ್ತು ಎಂಟು ಬೋಟಿಗೆ ಐಸ್ ಹೋಯಿತು.
ತೂಫಾನಿನ ಸೂಚನೆ ಹನ್ನೊಂದಕ್ಕೆ ಬಂತು.
ವಯರ್‌ಲೆಸ್ಸಿನಲ್ಲಿ ಕೂಗಿ ಹೇಳಿದೆ.
ಏಳು ತಿರುಗಿದವು, ಒಂದು ಕೇಳಲಿಲ್ಲ,
ಕತ್ತಲಾದ ಮೇಲೆ ಅದೂ ಬಂತು, ಬೈಗಳ ತಿಂದಿತು.

ಆಮೇಲೆ ಲೆಕ್ಕದ ಪುಸ್ತಕದ ಅಂಚಿನಲ್ಲಿ,
ಬ್ಲಾಕು, ದರ, ಬಾಕಿ ಎಂಬ ಮೂರು ಗೆರೆಯ ಆಚೆ,
ಬರೆದೆ:
'ಇಂದು: ದಕ್ಕೆಯ ಬುಡದಲ್ಲಿ ಬಳೆ ಒಂದು, ಹಸಿರು.
ತೊರಕೆ ಮರಿ, ಜೀವ ಇತ್ತು, ನೀರಿಗೆ ಬಿಟ್ಟದ್ದು.
ಗಾಳಿ'

ಗಾಳಿ ಯಾವ ಕಡೆಯದೆಂದು ನೋಡಲು
ಎದ್ದು ಹೊರಗೆ ಹೋಗಬೇಕಾಯಿತು.